ವೀ ಯು, ಸ್ವಿಚ್ಚು ಮತ್ತು ಚಕ್ಕುಲಿ ಕಂಬಳ

ಚೌತಿಗೆ ಎರಡು ದಿನ ಮೊದಲು ಕಾರವಾರದಿಂದ ಶಿರಸಿ ಹತ್ತಿರದ ನಮ್ಮ ಹಳೇ ಮನೆಗೆ ಹೊರಟಾಗ ಡಿಕ್ಕಿಯಲ್ಲಿ ಬಟ್ಟೆಯದ್ದು ಒಂದು ಬ್ಯಾಗು, ಗೇಮ್ ಕನ್ಸೋಲಿನದ್ದು, ಅಂದರೆ ಟಿವಿಗೆ ಜೋಡಿಸಿ ಆಟ ಆಡುವ ಪೆಟ್ಟಿಗೆಗಳದ್ದು, ಎರಡು ಬ್ಯಾಗು. ದೇವಿಮನೆ ಘಟ್ಟದ ತಿರುವಿನಲ್ಲಿ ಪೆಟ್ಟಾಗಬಾರದೆಂದು ಒಂದೊಂದನ್ನೂ ಹಳೇ ಪಂಚೆಯಲ್ಲಿ ಸುತ್ತಿದ್ದೆ. "ಹಬ್ಬಕ್ಕೆ ಹೊರಟಿದ್ದಾ, ಅಂಗಡಿ ಹಾಕೋಕೆ ಹೊರಟಿದ್ದಾ?" ಎಂದು ಹೆಂಡತಿ ಕೇಳಿದಳು.

ಇದಕ್ಕೆಲ್ಲ ಕಾರಣ ಕಾರವಾರದ ಕಡಲತೀರದಲ್ಲಿ ಒಂದು ಸಂಜೆ ಎದ್ದ ಜಗಳ. ಮಷೀನು ಚೆನ್ನಾಗಿದ್ದರೆ ಹೆಸರು ಏನಿದ್ದರೂ ಮಾರಾಟ ಆಗ್ತದೆ ಅಂತ ಗೆಳೆಯನ ವಾದ. ಹಾಗಾದರೆ ನಿಂಟೆಂಡೊ ಕಂಪನಿಯ ವೀ ಯು ಕನ್ಸೋಲ್ ಯಾಕೆ ಮುಳುಗಿತು ಅಂತ ನನ್ನ ಪ್ರಶ್ನೆ. ಮಾತಲ್ಲಿ ಮುಗಿಯುವ ಜಗಳ ಅಲ್ಲ ಅದು. ನನ್ನ ಹತ್ತಿರ ಹಳೇ ವೀ, ಅದರ ನಂತರ ಬಂದ ಹೊಸ ಮಷೀನು ವೀ ಯು, ಸ್ವಿಚ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎಲ್ಲವೂ ಇವೆ. ಮೊದಲ ಮೂರು ನಿಂಟೆಂಡೊದವು, ಪ್ಲೇಸ್ಟೇಷನ್ ಸೋನಿಯದ್ದು, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟಿನದ್ದು. ದುಬೈಯಿಂದ ರಜೆಗೆ ಬಂದ ಭಟ್ಕಳದ ಸ್ನೇಹಿತರ ಬ್ಯಾಗಿನಲ್ಲಿ ಬಂದವು. ಇನ್ನು ಬೇಕಾದದ್ದು ಇವುಗಳ ಹೆಸರೇ ಕೇಳದ ಜನ. ಹಬ್ಬದ ಮನೆಯಲ್ಲಿ ಅಂಥವರಿಗೆ ಬರ ಇಲ್ಲ.

ಮೊದಲ ದಿನ ಶುರುವಿನಲ್ಲಿ ಕರೆಂಟು ಹಾಕಲೇ ಇಲ್ಲ. ಜಗಲಿಯ ಮೇಲೆ ವೀ ಮತ್ತು ವೀ ಯು ಅಕ್ಕಪಕ್ಕ ಇಟ್ಟೆ. ಹೆಸರು ಹೇಳಿ, ಇವೆರಡರ ನಡುವೆ ಏನು ಸಂಬಂಧ ಅಂತ ಕೇಳಿದೆ. ತಂಗಿಯ ಮಗನಿಗೆ ಹತ್ತು ವರ್ಷ. ಅವನು ವೀ ಯು ಜೊತೆ ಬರುವ ದೊಡ್ಡ ಸ್ಕ್ರೀನಿನ ಗೇಮ್‌ಪ್ಯಾಡ್ ಎತ್ತಿಕೊಂಡು, ಹಳೇ ವೀ ಕಡೆ ಕೈ ತೋರಿಸಿ, "ಮಾವಾ, ಇದು ಅದರದ್ದೇ ಟ್ಯಾಬ್ ಅಲ್ದನಾ?" ಎಂದ. ಅತ್ತೆಗೆ ಕೇಳಿಸಿದ್ದೇ ಬೇರೆ. "ವಿವೋನಾ? ನನ್ನ ಫೋನೂ ಅದೇ" ಅಂದರು.

ನಗಬೇಡಿ. ಹುಡುಗ ಹೇಳಿದ್ದನ್ನೇ ಅಮೆರಿಕ, ಯುರೋಪಿನ ಗಿರಾಕಿಗಳೂ ನಂಬಿದ್ದರು. 2014ರ ಜನವರಿಯಲ್ಲಿ ನಿಂಟೆಂಡೊ ಅಧ್ಯಕ್ಷ ಸತೊರು ಇವಾತ ಅವರೇ ಇದನ್ನು ಒಪ್ಪಿಕೊಂಡರು. ವೀ ಯು ಅಂದರೆ ಪ್ಯಾಡ್ ಸೇರಿಸಿದ ವೀ ಅಷ್ಟೇ ಅಂತ ಕೆಲವರು ತಿಳಿದಿದ್ದಾರೆ, ಗೇಮ್‌ಪ್ಯಾಡನ್ನು ಹಳೇ ವೀಗೇ ಜೋಡಿಸಬಹುದು ಅಂತ ಇನ್ನು ಕೆಲವರು ತಿಳಿದಿದ್ದಾರೆ ಎಂದರು. 2011ರಲ್ಲಿ ಮೊದಲ ಸಲ ತೋರಿಸುವಾಗ ಗೇಮ್‌ಪ್ಯಾಡನ್ನೇ ಕುಣಿಸಿದ್ದರು, ಕನ್ಸೋಲ್ ಪೆಟ್ಟಿಗೆಯನ್ನು ಸರಿಯಾಗಿ ತೋರಿಸಲೇ ಇಲ್ಲ. ಸಾಲದ್ದಕ್ಕೆ ಹಳೇ ವೀ ರಿಮೋಟುಗಳೇ ಇದಕ್ಕೂ ನಡೆಯುತ್ತವೆ. ದುಡ್ಡು ಉಳಿಯಿತು ಸರಿ. ಆದರೆ ಟಿವಿ ಮುಂದೆ ಅದೇ ಬಿಳಿ ರಿಮೋಟು ಬೀಸುವವರನ್ನು ನೋಡಿದವರಿಗೆ ಹೊಸ ಮಷೀನು ಅಂತ ಗೊತ್ತಾಗುವುದಾದರೂ ಹೇಗೆ?

ಚಿಕ್ಕಪ್ಪ ಕವಳ ಹಾಕಿಕೊಂಡು ಎಲ್ಲ ನೋಡುತ್ತಾ ಕೂತಿದ್ದರು. ಅಡಿಕೆ ವ್ಯವಹಾರದಲ್ಲಿ ತಲೆ ಹಣ್ಣಾದವರು. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಹೆಸರು ಹೇಳಿದರೆ ಸಾಕು, ಮಾಲು ಕಣ್ಣ ಮುಂದೆ ಬರುತ್ತದೆ. ಅವರು ಕೇಳಿದ್ದು ಒಂದೇ ಮಾತು: "ಹಳೇ ಚಾಲಿಗೂ ಹೊಸ ಚಾಲಿಗೂ ಒಂದೇ ಚೀಟಿ ಹಾಕಿಟ್ರೆ ಸಮಾ ರೇಟು ಯಾರು ಕೊಡ್ತ ಮಾರಾಯಾ?"

ಇನ್ನು ಸ್ವಿಚ್. ನಮ್ಮ ಮನೆಯಲ್ಲಿ ಇದಕ್ಕೂ ಒಂದು ತೊಡಕು ಬಂತು. ಸ್ವಿಚ್ ತಂದಿದ್ದೇನೆ ಅಂದಾಗ, "ಬಚ್ಚಲಮನೆದು ಹಾಳಾಗಿ ತಿಂಗಳಾತು, ಅದನ್ನೇ ಹಾಕು" ಎಂದು ಆಯಿ ಹೇಳಿದಳು. ಆದರೆ ಈ ಗೊಂದಲಕ್ಕೆ ಆಯಸ್ಸು ಕಮ್ಮಿ. ಟಿವಿಗೆ ಜೋಡಿಸಿದ ಡಾಕ್ ಎಂಬ ಸ್ಟ್ಯಾಂಡಿನಿಂದ ಎತ್ತಿದೆ. ಟಿವಿಯಲ್ಲಿದ್ದ ಆಟ ಕೈಗೆ ಬಂತು. ವಾಪಸ್ ಇಟ್ಟೆ, ಟಿವಿಗೆ ಹೋಯಿತು. "ಓ, ಅದಕ್ಕೇ ಸ್ವಿಚ್ಚು" ಎಂದು ಹುಡುಗನೇ ಹೇಳಿದ. ನಾನು ವಿವರಿಸಬೇಕಾಗಲಿಲ್ಲ. 2016ರ ಅಕ್ಟೋಬರಿನಲ್ಲಿ ಬಂದ ಮೊದಲ ವಿಡಿಯೊದಲ್ಲಿಯೂ ಇದ್ದದ್ದು ಇಷ್ಟೇ. ಮೂರು ನಿಮಿಷ ಚಿಲ್ಲರೆ. ಮನೆಯಲ್ಲಿ ಆಡುತ್ತಿದ್ದವನು ಎತ್ತಿಕೊಂಡು ಹೊರಗೆ ಹೋಗುತ್ತಾನೆ. ಚಿಪ್ಪು ಯಾವುದು, ಎಷ್ಟು ಜಿಬಿ ಎಂಬ ಪುರಾಣ ಇಲ್ಲ.

ಎರಡನ್ನೂ ಸರಿಯಾಗಿ ತೂಗಲು ಒಂದು ಒಳ್ಳೆಯ ತಕ್ಕಡಿ ಇದೆ, ಮಾರಿಯೊ ಕಾರ್ಟ್ 8 ಎಂಬ ರೇಸಿನ ಆಟ. 2014ರಲ್ಲಿ ವೀ ಯುಗೆ ಬಂತು. 2017ರಲ್ಲಿ ಸ್ವಲ್ಪ ಸೇರಿಸಿ ಡಿಲಕ್ಸ್ ಅಂತ ಸ್ವಿಚ್‌ಗೆ ಬಂತು. ರಸ್ತೆ ಅದೇ, ತಿರುವು ಅದೇ. ಎರಡರಲ್ಲೂ ಒಂದೇ ಟ್ರ್ಯಾಕ್ ಹಾಕಿ ಮಕ್ಕಳಿಂದ ಆಡಿಸಿದೆ. ಒಳಗೆ ಚಕ್ಕುಲಿ ಕಂಬಳ ನಡೆದಿತ್ತು. ಊರವರೆಲ್ಲ ಸಾಲಾಗಿ ಕೂತು ಚಕ್ಕುಲಿ ಸುತ್ತುತ್ತಿದ್ದರು. ಬಿಸಿ ಚಕ್ಕುಲಿ ಮುರಿದುಕೊಂಡು ಬಂದ ಕೈಯಲ್ಲೇ ಕಂಟ್ರೋಲರ್ ಹಿಡಿದರು. ಆ ಎಣ್ಣೆ ಒರೆಸಲು ಆಮೇಲೆ ಅರ್ಧ ಗಂಟೆ ಬೇಕಾಯಿತು, ಅದು ಬೇರೆ ಕತೆ. ಆಟದಲ್ಲಿ ಏನು ಫರಕು ಅಂತ ಕೇಳಿದರೆ ಯಾರೂ ಹೇಳಲಿಲ್ಲ. ಆದರೆ ಇನ್ನೊಂದು ಸಲ ಯಾವುದರಲ್ಲಿ ಎಂದಾಗ ಎಲ್ಲರೂ ಸ್ವಿಚ್ ಕಡೆ ಓಡಿದರು. ವೀ ಯುನಲ್ಲಿ ಈ ಆಟ ಮಾರಾಟವಾದದ್ದು ಸುಮಾರು 84 ಲಕ್ಷ. ಸ್ವಿಚ್‌ನಲ್ಲಿ 6 ಕೋಟಿ ದಾಟಿದೆ. ಮಷೀನಿನ ಲೆಕ್ಕವೂ ಹಾಗೇ. ವೀ ಯು 1.36 ಕೋಟಿಗೆ ನಿಂತಿತು, ಸ್ವಿಚ್ 15 ಕೋಟಿ ದಾಟಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದ ಶಿರಸಿ, ಹೋಗದಿದ್ದರೆ ಆಶ್ಚರ್ಯ. ವೀ ಯು ಗೇಮ್‌ಪ್ಯಾಡಿನಲ್ಲಿ ಬ್ಯಾಟರಿ ಇದೆ, ಸ್ಕ್ರೀನೂ ಇದೆ. ಆದರೆ ಆಟ ಓಡುವುದು ಪೆಟ್ಟಿಗೆಯಲ್ಲಿ, ಆದ್ದರಿಂದ ಪ್ಯಾಡು ಸುಮ್ನೆ ತಟ್ಟೆ. ಸ್ವಿಚ್ ಹಿಡಿದ ಹುಡುಗಿ ತಲೆ ಎತ್ತದೆ ಆಡುತ್ತಲೇ ಇದ್ದಳು. ನೋಡಲು ಎರಡೂ ಒಂದೇ ಥರ, ಮಧ್ಯದಲ್ಲಿ ಸ್ಕ್ರೀನು, ಆಚೀಚೆ ಗುಂಡಿ. ಹಾಗಾಗಿ ಸ್ವಿಚ್ ಗೆದ್ದದ್ದು ಹೆಸರಿನಿಂದ ಮಾತ್ರ ಅಂತ ನಾನು ಹೇಳುವುದಿಲ್ಲ. ಹೆಸರಿನಲ್ಲಿ ಕೊಟ್ಟ ಮಾತನ್ನು ಅದು ಕತ್ತಲೆಯಲ್ಲೂ ಉಳಿಸಿಕೊಂಡಿತು.

ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಹೋಲಿಕೆಗೆ ಮಷೀನೇ ಬೇಕಾಗಲಿಲ್ಲ. ಮದುವೆ ಕಾಗದದ ಹಿಂಬದಿಯಲ್ಲಿ ಹೆಸರು ಬರೆದು, ಹಳೇದರಿಂದ ಹೊಸದಕ್ಕೆ ಜೋಡಿಸಿ ಎಂದೆ. ಪ್ಲೇಸ್ಟೇಷನ್ನಿನ ಐದು ಚೀಟಿ ಅಂಗನವಾಡಿ ಕೂಸೂ ಜೋಡಿಸಿತು. ಎಕ್ಸ್‌ಬಾಕ್ಸ್ ಚೀಟಿಗಳ ಮುಂದೆ ಮಾತ್ರ ಪಂಚಾಯ್ತಿ ಸೇರಿತು. ಹುಡುಗ 'ಒನ್' ಮೊದಲಿಟ್ಟ, ಒಂದು ಅಲ್ವಾ? 360 ದೊಡ್ಡ ಸಂಖ್ಯೆ, ಹಾಗಾಗಿ ಕೊನೆಗೆ. ಒನ್ ಎಕ್ಸ್ ಮತ್ತು ಸೀರೀಸ್ ಎಕ್ಸ್ ಎಲ್ಲಿಡುವುದೆಂದು ಯಾರಿಗೂ ತಿಳಿಯಲಿಲ್ಲ. ನಿಜವಾಗಿ 2001ರಲ್ಲಿ ಎಕ್ಸ್‌ಬಾಕ್ಸ್, 2005ರಲ್ಲಿ 360, 2013ರಲ್ಲಿ ಒನ್, 2016ರಲ್ಲಿ ಒನ್ ಎಸ್, 2017ರಲ್ಲಿ ಒನ್ ಎಕ್ಸ್, 2020ರಲ್ಲಿ ಸೀರೀಸ್ ಎಕ್ಸ್ ಮತ್ತು ಎಸ್. ಬರೆಯುವಾಗ ನಾನೇ ಎರಡು ಸಲ ಹೊಡೆದು ಹಾಕಿದೆ.

ಆದರೂ 2013ರಲ್ಲಿ ಒನ್ ಹಿಂದೆ ಬಿದ್ದದ್ದರಲ್ಲಿ ಹೆಸರಿನದ್ದು ಚಿಕ್ಕ ಪಾಲು ಅಂತ ನನ್ನ ಲೆಕ್ಕ. ಬಿಡುಗಡೆ ಸಭೆಯಲ್ಲಿ ಆಟಕ್ಕಿಂತ ಟಿವಿ ನೋಡುವ ಮಾತೇ ಜಾಸ್ತಿ ಆಯಿತು. ಡಿಸ್ಕನ್ನು ಬೇರೆಯವರಿಗೆ ಕೊಡಲು ನೂರೆಂಟು ಷರತ್ತು. ಬೆಲೆ 499 ಡಾಲರ್. ಪ್ಲೇಸ್ಟೇಷನ್ 4 ಬಂದದ್ದು 399ಕ್ಕೆ. ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆ ಅಂತ ಸೋನಿ ಒಂದು ಪುಟ್ಟ ವಿಡಿಯೊ ಬಿಟ್ಟಿತು. ಒಬ್ಬ ಡಿಸ್ಕ್ ಕೊಡುತ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಅನ್ನುತ್ತಾನೆ. ಮುಗಿಯಿತು. ಅರ್ಧ ನಿಮಿಷವೂ ಇಲ್ಲ. ಕೆಲವೇ ದಿನದಲ್ಲಿ ಎದುರಿನವರು ಷರತ್ತು ವಾಪಸ್ ತೆಗೆದರು, ಆದರೆ ಜನರ ಮನಸ್ಸಿನಲ್ಲಿ ಆಗಲೇ ಕೂತಾಗಿತ್ತು.

ಗೆಳೆಯನಿಗೂ ನ್ಯಾಯ ಕೊಡಬೇಕು. ವೀ ಅಂತ ಹೆಸರಿಟ್ಟಾಗ, 2006ರಲ್ಲಿ, ಇಂಗ್ಲಿಷ್ ಮಾತಾಡುವವರೆಲ್ಲ ನಕ್ಕಿದ್ದರು, ಅವರ ಆಡುಮಾತಲ್ಲಿ ವೀ ಅಂದರೆ ಉಚ್ಚೆ. ಅದೇ ವೀ 10 ಕೋಟಿ ಮಾರಾಟ ಆಯಿತು. ಹೆಚ್ಚಿನ ದೇಶಗಳಲ್ಲಿ ಪೆಟ್ಟಿಗೆಯ ಜೊತೆಗೇ ಬೌಲಿಂಗ್, ಟೆನಿಸ್ ಇರುವ ಆಟ ಕೊಟ್ಟರು, ಅಜ್ಜಿಯಂದಿರೂ ಕೈ ಬೀಸಿದರು. ನಗೆ ಬರಿಸುವ ಹೆಸರು ನಡೆಯುತ್ತದೆ. ಹೊಸದನ್ನು ಹಳೇದರ ಬಾಲದಂತೆ ಕಾಣಿಸುವ ಹೆಸರು ನಡೆಯುವುದಿಲ್ಲ. 2025ರ ಜೂನ್‌ನಲ್ಲಿ ಹೊಸ ಮಷೀನು ಬಂದಾಗ ನಿಂಟೆಂಡೊ ಅದನ್ನು ಸೀದಾ ಸ್ವಿಚ್ 2 ಎಂದು ಕರೆಯಿತು. ನಾಲ್ಕೇ ದಿನದಲ್ಲಿ 35 ಲಕ್ಷ ಹೋಯಿತು.

ಎರಡನೇ ದಿನ ಕರೆಂಟು ಬಂದ ಮೇಲೆ ವೀ ಯುಗೆ ನಿಂಟೆಂಡೊ ಲ್ಯಾಂಡ್ ಡಿಸ್ಕ್ ಹಾಕಿದೆ. ಅದರಲ್ಲಿ ಮಾರಿಯೊ ಚೇಸ್ ಅಂತ ಒಂದು ಆಟ. ಒಬ್ಬ ಓಡುವವನು, ಉಳಿದವರು ಹಿಡಿಯುವವರು. ಓಡುವವನ ಗೇಮ್‌ಪ್ಯಾಡಿನಲ್ಲಿ ಇಡೀ ಜಾಗದ ನಕ್ಷೆ ಕಾಣುತ್ತದೆ. ಹಿಡಿಯುವವರು ಟಿವಿಯಲ್ಲಿ ತಮ್ಮ ಮುಂದಿನದ್ದಷ್ಟೇ ನೋಡುತ್ತಾ, "ನೀಲಿ ಕಡೆ ಬಂದ!" "ಹಳದಿ ಕಡೆ ಹೋದ!" ಎಂದು ಕೂಗಬೇಕು. ಹಳೇ ರಿಮೋಟು ಹಿಡಿದು ನಾಲ್ವರು ಎದ್ದು ನಿಂತರು. ಪ್ಯಾಡ್ ಹಿಡಿದ ಹುಡುಗ ಕಂಬದ ಹಿಂದೆ ಹೋಗಿ ನಿಂತ. ತನ್ನ ಮುಖ ನೋಡಿ ಗೊತ್ತು ಮಾಡಿಕೊಂಡಾರು ಅಂತ ಅವನಿಗೆ ಹೆದರಿಕೆ. ಕೂಗಾಟಕ್ಕೆ ಒಳಗಿಂದ ಹಿಟ್ಟಿನ ಕೈಯಲ್ಲೇ ಅತ್ತೆ ಬಂದರು. ಊಟಕ್ಕೆ ಮೂರು ಸಲ ಕರೆಯಬೇಕಾಯಿತು. ಹಿಂದಿನ ದಿನ ಎಲ್ಲರೂ ಬಿಟ್ಟು ಓಡಿದ ಮಷೀನು ಇದು! ಇಂಥ ಆಟ ಸ್ವಿಚ್‌ನಲ್ಲಿ ಆಗುವುದು ಕಷ್ಟ, ಎರಡು ಸ್ಕ್ರೀನು ಒಟ್ಟಿಗೆ ಇಲ್ಲವಲ್ಲ. ನನ್ನನ್ನು ಕೇಳಿದರೆ ಹಬ್ಬದ ಮನೆಗೆ ವೀ ಯುನೇ ವಾಸಿ. ಆದರೆ ಈಗ ಹುಡುಕಿ ಕೊಳ್ಳಿ ಅಂತ ಹೇಳಲಾರೆ. ಅದರ ಆನ್‌ಲೈನ್ ಅಂಗಡಿಯಲ್ಲಿ ಖರೀದಿ 2023ರಲ್ಲೇ ನಿಂತಿದೆ, ಡಿಸ್ಕ್ ಸಿಕ್ಕಿದರೆ ಮಾತ್ರ ಆಟ.

ಹಬ್ಬ ಮುಗಿಸಿ ಕಾರವಾರಕ್ಕೆ ಬಂದು ಮೂರು ವಾರ ಆಗಿತ್ತು. ತಂಗಿಯ ಗಂಡ ಫೋನ್ ಮಾಡಿದ. ಮಾಣಿ ದಿನಾ ಓಡೋ ಆಟ, ಓಡೋ ಆಟ ಅಂತ ತಲೆ ತಿಂತಿದ್ದಾನಂತೆ. ಕೊನೆಗೆ ಹಳೇದು ಒಂದು ಸಿಕ್ಕಿತಂತೆ.

"ಚೊಲೋ ಆತು ಭಾವಾ, ಜೊತೆಗೆ ಸ್ಕ್ರೀನ್ ಇರೋ ಪ್ಯಾಡು ಬಂತಾ?" ಎಂದು ಕೇಳಿದೆ.

"ಇಲ್ಯಪ್ಪಾ. ರಿಮೋಟು ಎರಡು ಕೊಟ್ಟ. ಪ್ಯಾಡು ಬೇರೆ ತಗಳವು ಅಲ್ದನಾ?"

ಪೆಟ್ಟಿಗೆಯ ಮೇಲೆ ಏನು ಬರೆದಿದೆ ಓದು ಎಂದೆ.

"ವೀ," ಎಂದ ಭಾವ.