ಸಹಿ ಹಾಕಿದ ಫೋಟೋನಾ, ಸಂಬಳದ ಚೆಕ್ಕಾ, ಕರಾರುಪತ್ರವಾ?

ಹಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರರ ಸಹಿ ಕೂಡಿಡಲು ಹೊರಟವರು ಸಾಮಾನ್ಯವಾಗಿ ಮೊದಲು ಫೋಟೋ ಕೊಳ್ಳುತ್ತಾರೆ. ನಾನೂ ಹಾಗೇ ಶುರು ಮಾಡಿದ್ದು. ಬಾಸ್ಟನ್ ಹತ್ತಿರ ಇದ್ದುಕೊಂಡು ಒಂಬತ್ತು ವರ್ಷಗಳಲ್ಲಿ ಫೋಟೋ, ಇಂಡೆಕ್ಸ್ ಕಾರ್ಡ್, ಚೆಕ್, ಕರಾರುಪತ್ರ ಎಲ್ಲವನ್ನೂ ಕೊಂಡು ನೋಡಿದ್ದೇನೆ. ಈಗ ಯಾರಾದರೂ ಕೇಳಿದರೆ, ಮೊದಲು ಚೆಕ್ ತಗೊಳ್ಳಿ ಅಂತಲೇ ಹೇಳುತ್ತೇನೆ.

ಫೋಟೋದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದರು. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಹಾರ್ವಿ ಪೊಲಾಕ್ ಒಂದು ಹಾಳೆಯ ಮೇಲೆ '100' ಅಂತ ಬರೆದುಕೊಟ್ಟರು, ಅದನ್ನು ಹಿಡಿದು ಕೂತ ವಿಲ್ಟ್ ಫೋಟೋ ಎಲ್ಲರಿಗೂ ಗೊತ್ತು. ಅದರದೊಂದು ಪ್ರತಿಯನ್ನು, 'ಅದೇ ತಿಂಗಳು ಸಹಿ ಹಾಕಿಸಿದ್ದು' ಅನ್ನುವ ಮಾತು ನಂಬಿ ಕೊಂಡೆ. ಮನೆಗೆ ತಂದು ಭೂತಗನ್ನಡಿ ಹಿಡಿದರೆ ಶಾರ್ಪಿ ಮಾರ್ಕರ್‌ನ ಗೆರೆ, ಅಂಚಿಗೆ ನೇರಳೆ ಛಾಯೆ. ಶಾರ್ಪಿ ಮಾರುಕಟ್ಟೆಗೆ ಬಂದದ್ದೇ 1964ರಲ್ಲಿ! ಸಹಿ ವಿಲ್ಟ್ ಅವರೇ ಮುಂದೆಂದೋ ಹಾಕಿದ್ದಿರಬಹುದು, ಆದರೆ ನಾನು ದುಡ್ಡು ಕೊಟ್ಟದ್ದು ಆ ತಿಂಗಳಿಗೆ. ಮಾರಿದವರು ಹಣ ವಾಪಸ್ ಕೊಡಲಿಲ್ಲ. ಜೊತೆಗಿದ್ದ, ಸಹಿ ಅಸಲಿ ಅನ್ನುವ ಪ್ರಮಾಣಪತ್ರವೂ ಕೆಲಸಕ್ಕೆ ಬರಲಿಲ್ಲ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ನಡೆಸಿ ಹಿಡಿದ ಜಾಲದಲ್ಲಿ ನಕಲಿ ಸಹಿಗಳ ಜೊತೆ ಅಂಥ ಪ್ರಮಾಣಪತ್ರಗಳೂ ಬೇಕಾದಷ್ಟಿದ್ದವು.

ಇಂಡೆಕ್ಸ್ ಕಾರ್ಡ್ ಅಗ್ಗ, ಇಟ್ಟುಕೊಳ್ಳುವುದೂ ಸುಲಭ. ಆದರೆ ಬಿಳಿ ಕಾರ್ಡಿನ ಮೇಲೆ ಒಂದು ಹೆಸರು ಬಿಟ್ಟರೆ ಮತ್ತೇನೂ ಇಲ್ಲ, ತಾಳೆ ನೋಡಲು ಆಧಾರವೂ ಇಲ್ಲ.

ಚೆಕ್ ಹಾಗಲ್ಲ. ನನ್ನ ಹತ್ತಿರ 1971ರ ಒಂದು ಎಬಿಎ ತಂಡದ ಸಂಬಳದ ಚೆಕ್ ಇದೆ. ಎಬಿಎ ಅಂದರೆ ಅಮೆರಿಕದ ಮುಖ್ಯ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಆಗ ಪೈಪೋಟಿಯಾಗಿದ್ದ ಲೀಗ್. ಹೆಚ್ಚು ಹೆಸರು ಮಾಡದ ಆಟಗಾರ, ಕೊಟ್ಟದ್ದು 85 ಡಾಲರ್. ಮುಂಭಾಗದಲ್ಲಿ ಟೈಪ್ ಮಾಡಿದ ಹೆಸರು, ತಂಡದ ಅಧಿಕಾರಿಯ ಸಹಿ, ಹಣ ಪಾವತಿಯಾದ ಗುರುತಿಗೆ ಬ್ಯಾಂಕಿನವರು ಹೊಡೆದ ಸಣ್ಣ ತೂತುಗಳ ಸಾಲು. ತಿರುಗಿಸಿದರೆ ನೀಲಿ ಬಾಲ್‌ಪೆನ್ನಿನಲ್ಲಿ ಆಟಗಾರನ ಸಹಿ, ಕೆಳಗೆ ತಾರೀಖಿನ ಸ್ಟಾಂಪು. ಆ ಸ್ಟಾಂಪಿನ ಮಸಿ ಸಹಿಯ ಕೊನೆಯ ಅಕ್ಷರದ ಬಾಲದ ಮೇಲೆ ಹಾದಿದೆ. ಅಂದರೆ ಸಹಿ ಮೊದಲು, ಸ್ಟಾಂಪು ಆಮೇಲೆ. ಫೋಟೋ ಇಂಥ ಸಾಕ್ಷಿ ಎಲ್ಲಿಂದ ತರಬೇಕು?

ನಮ್ಮಪ್ಪ ಹಾಸನದ ಬ್ಯಾಂಕೊಂದರಲ್ಲಿ ಕೌಂಟರಿನಲ್ಲಿ ಕೂತು, ಚೆಕ್ ಹಿಂದೆ ಸಹಿ ಮಾಡಿಸಿ, ಮಾದರಿ ಸಹಿಯ ಕಾರ್ಡ್ ಪಕ್ಕಕ್ಕಿಟ್ಟು ತಾಳೆ ನೋಡುತ್ತಿದ್ದವರು. "ಸಹಿ ಅಂದ್ರೆ ಓಡಬೇಕು ಮಗ. ನಿಧಾನಕ್ಕೆ ಚಿತ್ರ ಬರೆದ ಹಾಗಿದ್ರೆ ಅನುಮಾನ ಪಡು" ಅನ್ನುತ್ತಿದ್ದರು. ಈಗಲೂ ಹೊಸದೇನಾದರೂ ಸಿಕ್ಕರೆ ಅದರ ಚಿತ್ರ ಮೊದಲು ಅವರಿಗೇ ಕಳಿಸುವುದು.

ಚೆಕ್ಕಿನಿಂದ ಇನ್ನೊಂದು ಲಾಭವೂ ಇದೆ. ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಆಡುತ್ತಿದ್ದ ಕಾಲದಲ್ಲೇ ಅಭಿಮಾನಿಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿಬಿಟ್ಟಿದ್ದರು, ಕರಾರಿಗೂ ಚೆಕ್ಕಿಗೂ ಮಾತ್ರ ಹಾಕಲೇಬೇಕಿತ್ತು. ಫೋಟೋ ಮೇಲೆ 'ಡಾ. ಜೆ' ಅನ್ನುವ ಅಡ್ಡಹೆಸರಿನ ಆಟಗಾರರೂ ಬ್ಯಾಂಕಿನಲ್ಲಿ ತಮ್ಮ ನಿಜ ಹೆಸರಿನ ಜೂಲಿಯಸ್ ಅರ್ವಿಂಗ್ ಆಗಲೇಬೇಕು.

ಚೆಕ್ಕಿನಲ್ಲಿ ದೋಷವೇ ಇಲ್ಲ ಅಂತಲ್ಲ. ಕೆಲವು ಸಲ ತೂತುಗಳು ಸಹಿಯ ನಡುವೆಯೇ ಬಿದ್ದಿರುತ್ತವೆ. ಸಹಿಯ ಜಾಗದಲ್ಲಿ ರಬ್ಬರ್ ಸ್ಟಾಂಪೇ ಇರಬಹುದು. ಜಮಾ ಮಾಡಲು ಹೋದ ಹೆಂಡತಿಯೇ ಗಂಡನ ಹೆಸರು ಬರೆದಿರಬಹುದು, ಹಾಗಾಗಿ ಬೇರೆ ಮಾದರಿಗಳ ಜೊತೆ ಹೋಲಿಸದೆ ಕೊಳ್ಳಬೇಡಿ. ವೈಯಕ್ತಿಕ ಚೆಕ್ಕಿನಲ್ಲಿ ಮನೆ ವಿಳಾಸವೂ ಇರುತ್ತದೆ. ಯಾರಿಗಾದರೂ ತೋರಿಸುವಾಗ ನಾನು ಅದನ್ನು ಮುಚ್ಚುತ್ತೇನೆ, ನೀವೂ ಮುಚ್ಚಿ.

ಓದುವ ಖುಷಿಯಲ್ಲಿ ಮಾತ್ರ ಕರಾರುಪತ್ರವನ್ನು ಮೀರಿಸುವುದು ಯಾವುದೂ ಇಲ್ಲ. ನನ್ನ ಬಳಿ ಇರುವುದು ಒಂದೇ, 1960ರ ದಶಕದ ಎನ್‌ಬಿಎ ಕರಾರು. ಕರಾರು ಮುಗಿದರೂ ಆಟಗಾರನನ್ನು ತಂಡಕ್ಕೇ ಕಟ್ಟಿಹಾಕುವ ಷರತ್ತು ಅದರಲ್ಲಿದೆ. ಇಂಥ ಕಟ್ಟುಪಾಡಿನ ವಿರುದ್ಧವೇ ಎನ್‌ಬಿಎ ಆಟಗಾರ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಆಟಗಾರರ ಪರವಾಗಿ ಕೋರ್ಟಿಗೆ ಹೋದದ್ದು. 1976ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.  ನನ್ನ ಬಳಿಯ ಕರಾರಿನಲ್ಲಿ ಆ ಷರತ್ತಿನ ಕೆಳಗೇ ಒಬ್ಬ ಹುಡುಗ ಸಹಿ ಹಾಕಿದ್ದಾನೆ. ಎಷ್ಟು ಸಲ ಓದಿದರೂ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ.

ಆದರೆ ಬೆಲೆ ಚೆಕ್ಕಿನ ಹತ್ತು ಪಟ್ಟಿಗಿಂತ ಹೆಚ್ಚು ಬಿತ್ತು. ಕಾರ್ಬನ್ ಪ್ರತಿಯ ಅಪಾಯವೂ ಇದೆ. ಭೂತಗನ್ನಡಿಯಲ್ಲಿ ಗೆರೆ ಪುಡಿಪುಡಿಯಾಗಿ ಕಂಡರೆ ಅದು ಪೆನ್ನಿನ ಮಸಿಯಲ್ಲ, ಮೂಲ ಪ್ರತಿಯ ಬೆಲೆ ಕೊಡಬೇಡಿ. ಚೆಕ್ಕಾಗಲಿ ಕರಾರಾಗಲಿ ಲ್ಯಾಮಿನೇಟ್ ಮಾಡಿಸಲೇಬೇಡಿ, ಮೈಲಾರ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ಕಿನ ಲಕೋಟೆಯಲ್ಲಿಟ್ಟು ಬೆಳಕಿನಿಂದ ದೂರ ಇಡಿ.

ಈಗ ನನ್ನ ಆಸೆ ಇರುವುದು 1963ರವರೆಗೆ ಎನ್‌ಬಿಎ ಅಧ್ಯಕ್ಷರಾಗಿದ್ದ ಮೊರಿಸ್ ಪೊಡೊಲಾಫ್ ಸಹಿಯೂ ಇರುವ ಕರಾರಿನ ಮೇಲೆ. ಅದಕ್ಕೆ ಇರುವ ಚೆಕ್ಕುಗಳಲ್ಲಿ ಕೆಲವನ್ನು ಮಾರಬೇಕು. ಯಾವುದನ್ನು ಅಂತ ಎರಡು ತಿಂಗಳಿಂದ ಯೋಚಿಸುತ್ತಿದ್ದೇನೆ, 1971ರದ್ದನ್ನಂತೂ ಕೊಡುವುದಿಲ್ಲ.