ಎದೆಯೊಳಗೆ ಪೇಸ್‌ಮೇಕರ್, ಮಂಚದ ಪಕ್ಕ ಪೆಟ್ಟಿಗೆ: ಬನಹಟ್ಟಿಯಿಂದ ಆರೇಳು ವರ್ಷದ ಬಳಕೆಯ ಅನುಭವ

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವ ಎದೆಯೊಳಗಿನ ಯಂತ್ರಕ್ಕೆ, ಅಂದರೆ ಪೇಸ್‌ಮೇಕರಿಗೆ, ಐದಕ್ಕೆ ಐದು. ಅದರ ಸುದ್ದಿಯನ್ನು ಆಸ್ಪತ್ರೆಗೆ ಕಳಿಸುವ ಪೆಟ್ಟಿಗೆಗೆ ನಾಲ್ಕು. ಆ ಸುದ್ದಿಯನ್ನು ಓದಬೇಕಾದವರಿಗೆ ಎರಡು, ಈಚೆಗೆ ಸ್ವಲ್ಪ ಸುಧಾರಿಸಿದ್ದಾರೆ ಅಂತ ಎರಡೂವರೆ. ಪೇಸ್‌ಮೇಕರ್ ಹಾಕಿಸಿಕೊಳ್ಳಲು ಹೊರಟವರು ಬೆಲೆ ಎಷ್ಟು, ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಅಂತ ಕೇಳುತ್ತಾರೆ. ಮೂರನೆಯ ವಿಷಯ ಯಾರೂ ಕೇಳುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ರಬಕವಿ-ಬನಹಟ್ಟಿಯವನು. ಬದುಕೆಲ್ಲ ಪವರ್‌ಲೂಮ್ ಸದ್ದಿನಲ್ಲೇ ಕಳೆದಿದೆ. ಈಗ ಮಗ್ಗ ನೋಡಿಕೊಳ್ಳುವವನು ಮಗ. ಅರವತ್ತು ದಾಟಿದ ಮೇಲೆ ತಲೆ ಸುತ್ತುವುದು, ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಬರುವುದು ಶುರುವಾಯಿತು. ಇಸಿಜಿ ತೆಗೆದರು. ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂದರು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಬರಬೇಕಾದ ವಿದ್ಯುತ್ ಸಂಕೇತ ನಡುವೆಯೇ ನಿಂತುಹೋಗಿರುತ್ತದೆ. ಕೆಳಗಿನ ಕೋಣೆ ತನ್ನ ಪಾಡಿಗೆ ನಿಧಾನವಾಗಿ ಬಡಿಯುತ್ತಿರುತ್ತದೆ. ಇದನ್ನು ಮಾತ್ರೆ ನುಂಗಿ ಸರಿ ಮಾಡಿಕೊಳ್ಳಲು ಆಗುವುದಿಲ್ಲ. ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದರೆ ಹಿಂದಿನಿಂದಲೂ ಮಿರಜಕ್ಕೆ ಹೋಗುವವರು. ನಾನು ಬೆಳಗಾವಿಗೆ ಹೋದೆ. ಎರಡು ಲೀಡ್, ಅಂದರೆ ಹೃದಯಕ್ಕೆ ಇಳಿಯುವ ತಂತಿ, ಇರುವ ಡ್ಯುಯಲ್ ಚೇಂಬರ್ (ಮೇಲಿನ, ಕೆಳಗಿನ ಎರಡೂ ಕೋಣೆ ನೋಡಿಕೊಳ್ಳುವ) ಪೇಸ್‌ಮೇಕರ್ ಹಾಕಿದರು. ಕಂಪನಿಯ ಹೆಸರು, ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬೇರೆ ಊರಿನಲ್ಲಿ, ಬೇರೆ ಕಂಪನಿಯದು ಹಾಕಿಸಿಕೊಂಡವರ ಬಾಯಲ್ಲೂ ಇದೇ ದೂರು ಕೇಳಿದ್ದೇನೆ.

ಯಂತ್ರದ ಮಾತು ಬೇಗ ಮುಗಿಸುತ್ತೇನೆ. ಚೆನ್ನಾಗಿ ನಡೆಯುವ ವಸ್ತುವಿನ ಬಗ್ಗೆ ಹೇಳಲು ಜಾಸ್ತಿ ಏನಿರುತ್ತದೆ? ಎಡ ಭುಜದ ಎಲುಬಿನ ಕೆಳಗೆ, ಚರ್ಮದಡಿಯಲ್ಲಿ ಒಂದು ಟೈಟಾನಿಯಂ ಡಬ್ಬಿ. ಅದರಿಂದ ಎರಡು ತೆಳು ಲೀಡ್ ರಕ್ತನಾಳದೊಳಗೆ ಇಳಿದು ಹೃದಯ ಮುಟ್ಟುತ್ತವೆ. ಇದು ಸುಮ್ನೆ ಹೊಡೆಯುತ್ತಾ ಕೂರುವ ಯಂತ್ರ ಅಲ್ಲ. ಮೊದಲು ಕಾಯುತ್ತದೆ. ಹೃದಯ ತಾನಾಗಿ ಬಡಿದರೆ ತೆಪ್ಪಗಿರುತ್ತದೆ. ಬಡಿಯದಿದ್ದರೆ ಮಾತ್ರ ಒಂದೆರಡು ವೋಲ್ಟಿನ ಸಣ್ಣ ಮಿಡಿತ ಕಳಿಸುತ್ತದೆ, ಅದೂ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ನನಗೆ ಅದು ಗೊತ್ತೇ ಆಗುವುದಿಲ್ಲ. ಮೊದಲ ಕೆಲವು ವಾರ ಎಡಗೈ ಮೇಲೆತ್ತಬೇಡಿ ಅಂದಿದ್ದರು, ಲೀಡ್ ಜಾರಬಾರದು ಅಂತ. ಆಮೇಲೆ ಎಲ್ಲ ಮಾಮೂಲು.

ಒಳಗಿನ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲು ಬರುವುದಿಲ್ಲ. ಮುಗಿದಾಗ ಬ್ಯಾಟರಿ ಒಂದನ್ನೇ ಬದಲಿಸಲೂ ಆಗದು, ಡಬ್ಬಿಯನ್ನೇ ಬದಲಿಸುತ್ತಾರೆ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಇದು ಕಡಿಮೆ ಅನ್ನಿಸಿದವರು ಸ್ವೀಡನ್ನಿನ ಆರ್ನೆ ಲಾರ್ಸನ್ ಕಥೆ ಕೇಳಬೇಕು. ಪೂರ್ತಿ ದೇಹದೊಳಗೆ ಇರುವ ಪೇಸ್‌ಮೇಕರನ್ನು ಜಗತ್ತಿನಲ್ಲಿ ಮೊದಲು ಹಾಕಿಸಿಕೊಂಡವರು ಇವರು, 1958ರ ಅಕ್ಟೋಬರ್ 8ರಂದು. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅದನ್ನು ಬೂಟ್ ಪಾಲಿಶ್ ಡಬ್ಬಿಯಲ್ಲಿ ಎಪಾಕ್ಸಿ ಎರಕ ಹೊಯ್ದು ಮಾಡಿದ್ದರು. ಸರ್ಜನ್ ಓಕೆ ಸೆನ್ನಿಂಗ್. ಮೊದಲ ಯಂತ್ರ ಕೆಲವೇ ತಾಸಿನಲ್ಲಿ ಕೈಕೊಟ್ಟಿತು. ಲಾರ್ಸನ್ ಮಾತ್ರ ಒಟ್ಟು 26 ಪೇಸ್‌ಮೇಕರ್ ಬಳಸಿ 2001ರವರೆಗೆ, 86 ವರ್ಷ ಬದುಕಿದರು. ಆ ಎಂಜಿನಿಯರು, ಆ ಸರ್ಜನ್ನು ಇಬ್ಬರೂ ಅವರಿಗಿಂತ ಮೊದಲೇ ಹೋದರು. ಈ ನಡುವೆ 1972ರ ಹೊತ್ತಿಗೆ ಲಿಥಿಯಂ-ಅಯೋಡಿನ್ ಬ್ಯಾಟರಿ ಬಂದು ವರ್ಷಗಟ್ಟಲೆ ನಡೆಯುವ ಪೇಸ್‌ಮೇಕರ್ ಸಾಧ್ಯವಾಯಿತು. ಇನ್ನೊಂದು ವಿಷಯ ಹೇಳಬೇಕು, ಡಿಸ್ಚಾರ್ಜ್ ಆಗುವಾಗ ಯಾರೂ ಹೇಳುವುದಿಲ್ಲ. ಹೆಣ ಸುಡುವ ಪದ್ಧತಿ ಇರುವ ಮನೆಯಾದರೆ ಪೇಸ್‌ಮೇಕರ್ ತೆಗೆಸಿಯೇ ಸುಡಬೇಕು. ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ. ನಮ್ಮಲ್ಲಿ ಹೂಳುವುದು, ಹಾಗಾಗಿ ಆ ಚಿಂತೆ ಇಲ್ಲ.

ಈಗ ಪೆಟ್ಟಿಗೆಗೆ ಬರೋಣ. ಗೋಡೆಯ ಪ್ಲಗ್ಗಿಗೆ ಹಾಕಿ ಮಂಚದ ಪಕ್ಕ ಇಟ್ಟಿರಬೇಕು. ರಾತ್ರಿ ನಾನು ಮಲಗಿದ ಮೇಲೆ ಅದು ಎದೆಯೊಳಗಿನ ಯಂತ್ರದಿಂದ ದಿನದ ಲೆಕ್ಕ ತೆಗೆದುಕೊಳ್ಳುತ್ತದೆ. ಬ್ಯಾಟರಿ ಹೇಗಿದೆ, ಲೀಡ್ ಸರಿ ಇದೆಯಾ, ಹೃದಯ ಎಲ್ಲಾದರೂ ಲಯ ತಪ್ಪಿತಾ, ಇಂಥವು. ಆಮೇಲೆ ಮೊಬೈಲ್ ನೆಟ್‌ವರ್ಕ್ ಮೂಲಕ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿಂದ ಆಸ್ಪತ್ರೆಯವರು ಲಾಗಿನ್ ಆಗಿ ನೋಡಬೇಕು.

ಎದೆಯಿಂದ ಪೆಟ್ಟಿಗೆಗೆ ಸುದ್ದಿ ಬರುವ ದಾರಿ ನನಗೆ ಬಹಳ ಸ್ವಾರಸ್ಯ ಅನ್ನಿಸಿತು. ಮೊದಲಿನ ಕಾಲದಲ್ಲಿ ಚೆಕಪ್ಪಿಗೆ ಹೋದರೆ ಎದೆಯ ಮೇಲೆ ಒಂದು ಬಿಲ್ಲೆ ಇಟ್ಟೇ ಓದಬೇಕಿತ್ತು. ಈಗ ದೇಹದೊಳಗಿನ ಉಪಕರಣಗಳಿಗೆ ಅಂತಲೇ 402ರಿಂದ 405 ಮೆಗಾಹರ್ಟ್ಸ್ ರೇಡಿಯೊ ಅಲೆಗಳನ್ನು ಬಿಟ್ಟುಕೊಟ್ಟಿದ್ದಾರೆ. ಅಮೆರಿಕ ಇದಕ್ಕೆ 1999ರಲ್ಲಿ ಒಪ್ಪಿಗೆ ಕೊಟ್ಟಿತು. ಈ ಅಲೆ ಮಾಂಸ, ಚರ್ಮ ದಾಟಿ ಹೊರಗೆ ಬರುತ್ತದೆ, ಆಂಟೆನಾ ಕೂಡ ಸಣ್ಣ ಡಬ್ಬಿಯಲ್ಲಿ ಹಿಡಿಸುತ್ತದೆ. ಶಕ್ತಿಯ ಮಿತಿ ಬರೀ 25 ಮೈಕ್ರೋವ್ಯಾಟ್. ಹವಾಮಾನ ಇಲಾಖೆಯವರು ಆಕಾಶಕ್ಕೆ ಬಿಡುವ ಬಲೂನಿನ ಉಪಕರಣಗಳು ಮಾತಾಡುವುದೂ ಇದೇ ಅಲೆಯಲ್ಲಿ! ಇಷ್ಟು ಸಣ್ಣ ದನಿ ಆದ್ದರಿಂದ ಪೆಟ್ಟಿಗೆ ಎರಡು ಮೂರು ಮೀಟರ್ ಒಳಗೇ ಇರಬೇಕು. ಮಂಚದ ಪಕ್ಕ ಇಡಿ ಅನ್ನುವುದು ಅದಕ್ಕೇ.

ನಮ್ಮ ಮನೆಯಲ್ಲಿ ತೊಂದರೆ ಬಂದಿದ್ದು ಮುಂದಿನ ದಾರಿಯಲ್ಲಿ. ನಾನು ಮಲಗುವ ಕೋಣೆಗೆ ತಗಡಿನ ಮಾಡು. ಒಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಮಂಚವನ್ನೇ ಕಿಟಕಿ ಕಡೆಗೆ ಸರಿಸಿದ ಮೇಲೆ ಸರಿಹೋಯಿತು. ಕರೆಂಟ್ ಹೋದ ರಾತ್ರಿ ಸುದ್ದಿ ಹೋಗದಿದ್ದರೂ ಯಂತ್ರ ಅದನ್ನು ನೆನಪಿಟ್ಟುಕೊಂಡಿರುತ್ತದೆ, ಮರುದಿನ ಕಳಿಸುತ್ತದೆ. ಅದಕ್ಕೆ ಹೆದರಬೇಕಿಲ್ಲ. ಪಕ್ಕದ ಮನೆಯ ಹುಡುಗ ಒಂದು ಸಲ ಕೇಳಿದ, “ಕಾಕಾ, ಈ ಪೆಟ್ಟಿಗಿಗೆ ತಿಂಗಳಾ ರೀಚಾರ್ಜ್ ಹಾಕಬೇಕೇನ್ರಿ?” ಹಾಕಬೇಕಿಲ್ಲ, ಸಿಮ್ ಕಂಪನಿಯದೇ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಎಲ್ಲಿ ಎಡವಿತು ಅಂತ ಈಗ ಹೇಳುತ್ತೇನೆ. ಒಂದು ವರ್ಷ ಮಾಮೂಲು ಚೆಕಪ್ಪಿಗೆ ಹೋಗಿದ್ದೆ. ಕಂಪನಿಯ ಹುಡುಗ ಪ್ರೋಗ್ರಾಮರ್ ಯಂತ್ರ (ಪೇಸ್‌ಮೇಕರನ್ನು ಓದಿ ಅದರ ಸೆಟ್ಟಿಂಗ್ ಬದಲಿಸುವಂಥದ್ದು) ಹಚ್ಚಿ ನೋಡಿದ. ಮುಖ ಸಣ್ಣದು ಮಾಡಿಕೊಂಡ. “ಅಜ್ಜಾರ, ನಿಮಗ ಯಾರೂ ಫೋನ್ ಮಾಡಿಲ್ಲೇನ್ರಿ?” ಅಂದ. ಎರಡು ತಿಂಗಳ ಹಿಂದೆಯೇ ಮೇಲಿನ ಕೋಣೆ ಏಟ್ರಿಯಲ್ ಫಿಬ್ರಿಲೇಶನ್ನಿಗೆ ಹೋಗಿತ್ತು, ಅದೂ ತಾಸುಗಟ್ಟಲೆ. ನನಗೆ ಏನೂ ಗೊತ್ತಾಗಿರಲಿಲ್ಲ. ಯಂತ್ರಕ್ಕೆ ಗೊತ್ತಾಗಿತ್ತು. ಅದೇ ರಾತ್ರಿ ಪೆಟ್ಟಿಗೆಗೆ ಹೇಳಿತ್ತು. ಪೆಟ್ಟಿಗೆ ಸರ್ವರ್‌ಗೆ ಕಳಿಸಿತ್ತು. ಸರ್ವರ್ ಆಸ್ಪತ್ರೆಗೆ ಅಲರ್ಟ್ ಹಾಕಿತ್ತು. ಆದರೆ ಅದನ್ನು ನೋಡುತ್ತಿದ್ದ ಟೆಕ್ನೀಶಿಯನ್ ಕೆಲಸ ಬಿಟ್ಟು ಹೋಗಿದ್ದ. ಲಾಗಿನ್ ಅವನ ಹೆಸರಿನಲ್ಲೇ ಇತ್ತು. ಅಂಚೆಯವನು ಬೀಗ ಹಾಕಿದ ಮನೆಯ ಬಾಗಿಲ ಸಂದಿಯಲ್ಲಿ ಕಾಗದ ತುರುಕಿ ಹೋದ ಹಾಗಾಯಿತು.

ಇದು ಸಣ್ಣ ವಿಷಯ ಅಲ್ಲ. ಮೇಲಿನ ಕೋಣೆ ಸರಿಯಾಗಿ ಕುಗ್ಗದೆ ಬರೀ ಕಂಪಿಸಿದರೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. 2012ರಲ್ಲಿ ಪ್ರಕಟವಾದ ಅಸರ್ಟ್ ಅಧ್ಯಯನದಲ್ಲಿ 65 ವರ್ಷ ತುಂಬಿದ, ಬಿಪಿ ಇರುವ, ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ (ಹೃದಯದ ಲಯ ಅಪಾಯಕ್ಕೆ ಹೋದರೆ ಶಾಕ್ ಕೊಡುವ ಯಂತ್ರ) ಹಾಕಿಸಿಕೊಂಡ 2,580 ಜನರನ್ನು ನೋಡಿದ್ದರು. ಮೇಲಿನ ಕೋಣೆ ಆರು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೀಗೆ ಓಡಿದವರಿಗೆ ಇಂಥ ಹೆಪ್ಪಿನ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು. ಅವರಿಗೂ ಹೊರಗೆ ಏನೂ ಗೊತ್ತಾಗಿರಲಿಲ್ಲ. ನನಗೆ ಬಿಪಿ ಇದೆ, ವಯಸ್ಸೂ ಆಗಿದೆ. ಡಾಕ್ಟರ್ ಅವತ್ತೇ ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿದರು. ಆ ನಡುವಿನ ಎರಡು ತಿಂಗಳು ಏನೂ ಆಗಲಿಲ್ಲ ಅನ್ನುವುದು ನನ್ನ ಪುಣ್ಯ, ವ್ಯವಸ್ಥೆಯ ಹೆಚ್ಚುಗಾರಿಕೆ ಅಲ್ಲ.

ದೂರದಿಂದ ನಿಗಾ ಇಡುವುದು ಕೆಲಸಕ್ಕೆ ಬಾರದ್ದು ಅಂತ ಇದರಿಂದ ತಿಳಿಯಬೇಡಿ. 2010ರ ಟ್ರಸ್ಟ್ ಅಧ್ಯಯನದಲ್ಲಿ ಡಿಫಿಬ್ರಿಲೇಟರ್ ಇದ್ದವರನ್ನು ಎರಡು ಗುಂಪು ಮಾಡಿದ್ದರು. ಬರೀ ಚೆಕಪ್ಪಿಗೆ ಬರುವವರಲ್ಲಿ ತೊಂದರೆ ಡಾಕ್ಟರ್ ಗಮನಕ್ಕೆ ಬರಲು ಸುಮಾರು 36 ದಿನ ಹಿಡಿದರೆ, ಪೆಟ್ಟಿಗೆ ಇದ್ದವರಲ್ಲಿ ಎರಡು ದಿನವೂ ಬೇಕಾಗಲಿಲ್ಲ. ಆದರೆ ಆ ಎರಡು ದಿನದ ಲೆಕ್ಕದಲ್ಲಿ ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ನನ್ನ ಪಾಲಿಗೆ ಅವನೇ ಇರಲಿಲ್ಲ. ಅವನ ಸಂಬಳ ಪೆಟ್ಟಿಗೆಯ ಬಿಲ್ಲಿನಲ್ಲಿ ಸೇರಿರುವುದಿಲ್ಲ ನೋಡಿ. ಕಂಪನಿಯವರಿಗೆ ಯಂತ್ರ ಮಾರಾಟವಾಗಿದೆ, ಆಸ್ಪತ್ರೆಗೆ ದಿನಾ ಬೆಳಿಗ್ಗೆ ಪರದೆ ನೋಡುವುದರಿಂದ ದುಡ್ಡು ಬರುವುದಿಲ್ಲ.

ಮಗ ಹೋಗಿ ಸ್ವಲ್ಪ ಜೋರಾಗಿಯೇ ಮಾತಾಡಿ ಬಂದ. ಈಗ ಇಬ್ಬರಿಗೆ ಲಾಗಿನ್ ಇದೆ. ಪೆಟ್ಟಿಗೆ ಹದಿನೈದು ದಿನ ಸುದ್ದಿ ಕಳಿಸದಿದ್ದರೆ ಫೋನ್ ಮಾಡಬೇಕು ಅಂತ ಒಪ್ಪಿದ್ದಾರೆ. ಒಂದು ಸಲ ಮಾಡಿದ್ದಾರೆ ಕೂಡ. ಅರ್ಧ ಅಂಕ ಅದಕ್ಕೇ.

ಇನ್ನೊಂದು ಮಾತು, ಇದು ತುರ್ತು ಸೇವೆ ಅಲ್ಲ. ಎದೆ ನೋವು ಬಂತು, ಪೆಟ್ಟಿಗೆ ಇದೆಯಲ್ಲ ಅಂತ ಕೂರಬಾರದು. ನನ್ನ ಪೆಟ್ಟಿಗೆ ಓದುತ್ತದೆ ಅಷ್ಟೇ. ಸೆಟ್ಟಿಂಗ್ ಬದಲಿಸಬೇಕಾದರೆ ಬೆಳಗಾವಿಗೇ ಹೋಗಬೇಕು, ಆಯಾ ಕಂಪನಿಯ ಪ್ರೋಗ್ರಾಮರೇ ಬೇಕು. ಅಂದರೆ ಕಂಪನಿಯ ಹುಡುಗ ಬರುವ ದಿನವನ್ನೇ ಹಿಡಿದು ಹೋಗಬೇಕು. ಎಷ್ಟೋ ಸಲ ಹೋಗಿ ಕಾದು ವಾಪಸ್ ಬಂದವರಿದ್ದಾರೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ.

ದೂರದಿಂದ ಯಾರಾದರೂ ನನ್ನ ಹೃದಯದ ಸೆಟ್ಟಿಂಗ್ ಕೆಡಿಸಿದರೆ ಅಂತ ಮೊಮ್ಮಗಳು ಕೇಳಿದಳು. ಕಾಲೇಜು ಓದುತ್ತಾಳೆ, ಇಂಥದ್ದೆಲ್ಲ ಹುಡುಕುತ್ತಾಳೆ. ಅವಳ ಪ್ರಶ್ನೆ ಹುಡುಗಾಟದ್ದಲ್ಲ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿ ಅವರ ಡಿಫಿಬ್ರಿಲೇಟರಿನ ವೈರ್‌ಲೆಸ್ ಭಾಗವನ್ನು 2007ರಲ್ಲಿ ಇದೇ ಭಯಕ್ಕೆ ಬಂದ್ ಮಾಡಿಸಿದ್ದರು. 2017ರಲ್ಲಿ ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಲ್ಲಿನ ಎಫ್‌ಡಿಎ ಇಂಥ ದಾರಿ ಮುಚ್ಚಲು ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಸಾಫ್ಟ್‌ವೇರ್ ತಿದ್ದುಪಡಿ ಒಪ್ಪಿತು. ಡಬ್ಬಿ ತೆಗೆಯಬೇಕಿರಲಿಲ್ಲ, ಆಸ್ಪತ್ರೆಗೆ ಹೋದರೆ ಮೂರು ನಿಮಿಷದ ಕೆಲಸ. ನನ್ನ ಭಯ ಮಾತ್ರ ಕಳ್ಳತನದಿಂದ ಓದುವವರದ್ದಲ್ಲ, ಓದಬೇಕಾದವರೇ ಓದದಿರುವುದರದ್ದು.

ದಿನದ ಬಳಕೆಯಲ್ಲಿ ಜನ ಜಾಸ್ತಿ ಕೇಳುವುದು ಮಗ್ಗದ ಬಗ್ಗೆ. ಶೆಡ್ಡಿನಲ್ಲಿ ಓಡಾಡಲು ಡಾಕ್ಟರ್ ಬೇಡ ಅಂದಿಲ್ಲ. ಓಡುವ ಮೋಟಾರಿನ ಮೇಲೆ ಎದೆ ಬಗ್ಗಿಸುವುದಿಲ್ಲ, ಅಷ್ಟೇ. ಪ್ರೋಗ್ರಾಮರ್ ಹಚ್ಚಿದಾಗ ಹೊರಗಿನ ವಿದ್ಯುತ್ತಿನ ಗಲಾಟೆ ಒಳಗೆ ದಾಖಲಾಗಿದೆಯಾ ಅಂತ ಕೇಳುತ್ತೇನೆ, ಇಲ್ಲಿಯವರೆಗೆ ಇಲ್ಲ. ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್ ದೂರ ಇರಿ ಅಂತ ಪುಸ್ತಕದಲ್ಲಿದೆ, ನಮ್ಮ ಮನೆಗೆ ಅದು ಬಂದೇ ಇಲ್ಲ. ವೆಲ್ಡಿಂಗ್ ಅಂಗಡಿಗೆ ಮಗನನ್ನು ಕಳಿಸುತ್ತೇನೆ. ಗಣಪತಿ ಮೆರವಣಿಗೆಯ ಡಿಜೆ ಸ್ಪೀಕರಿಗೆ ಒರಗಿ ನಿಲ್ಲುವುದಿಲ್ಲ. ಅದರೊಳಗೆ ದೊಡ್ಡ ಅಯಸ್ಕಾಂತ ಇರುತ್ತದೆ. ಎದೆಗೆ ಅಯಸ್ಕಾಂತ ತಾಗಿದರೆ ಪೇಸ್‌ಮೇಕರ್ ಹೃದಯದ ಬಡಿತ ಕೇಳುವುದನ್ನು ಬಿಟ್ಟು ಒಂದೇ ಲಯದಲ್ಲಿ ಹೊಡೆಯತೊಡಗುತ್ತದೆ, ತೆಗೆದರೆ ಸರಿಹೋಗುತ್ತದೆ. ಫೋನಿನದೂ ಇದೇ ಕಥೆ. 2021ರಲ್ಲಿ ಐಫೋನ್ 12ರ ಅಯಸ್ಕಾಂತದ ಬಗ್ಗೆ ಗಲಾಟೆ ಆದಾಗ ಆಪಲ್ ಕಂಪನಿಯೇ 15 ಸೆಂಟಿಮೀಟರ್ ದೂರ ಇಡಿ ಅಂದಿತ್ತು. ನನ್ನದು ಸಾದಾ ಫೋನು. ಆದರೂ ಎಡ ಜೇಬಿಗೆ ಹಾಕುವುದಿಲ್ಲ, ಬಲ ಕಿವಿಗೇ ಹಿಡಿಯುತ್ತೇನೆ.

ಕೊಲ್ಲಾಪುರದ ಮಹಾಲಕ್ಷ್ಮಿಗೆ ಹೋಗುವಾಗ ಕೊಗನೋಳಿ ಟೋಲ್ ನಾಕಾದಲ್ಲಿ ಮನೆಯವಳು ನನ್ನ ಎದೆಗೆ ಸೆರಗು ಮುಚ್ಚುತ್ತಾಳೆ! ಫಾಸ್ಟ್ಯಾಗ್ ಓದುವ ಯಂತ್ರ ಮೇಲಿರುತ್ತದಲ್ಲ, ಅದಕ್ಕೆ. ಗಾಜಿಗೆ ಅಂಟಿಸಿದ ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ, ಮೇಲಿನಿಂದ ಬರುವ 865-867 ಮೆಗಾಹರ್ಟ್ಸ್ ಅಲೆಯ ಶಕ್ತಿಯಿಂದಲೇ ಅದು ಉತ್ತರ ಕೊಡುತ್ತದೆ. ದೂರವೂ ಇದೆ, ಕ್ಷಣದಲ್ಲಿ ದಾಟಿಯೂ ಹೋಗುತ್ತೇವೆ. ನನಗೆ ಏನೂ ಆಗಿಲ್ಲ. ಸೆರಗಿನಿಂದ ರೇಡಿಯೊ ಅಲೆ ನಿಲ್ಲುವುದೂ ಇಲ್ಲ, ಆದರೆ ಅದನ್ನು ಅವಳಿಗೆ ಹೇಳಲು ಹೋಗಿಲ್ಲ.

ದೊಡ್ಡ ಅಯಸ್ಕಾಂತದೊಳಗೆ ಮಲಗಿಸಿ ತೆಗೆಯುವ ಎಂಆರ್‌ಐ ಸ್ಕ್ಯಾನಿನ ವಿಷಯದಲ್ಲಿ ಮಾತ್ರ ಎಚ್ಚರ. ಎಂಆರ್‌ಐ ಮಾಡಬಹುದಾದ ಪೇಸ್‌ಮೇಕರಿಗೆ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ನನ್ನದೂ ಅಂಥದ್ದೇ. ಮೊಣಕಾಲಿಗೆ ಸ್ಕ್ಯಾನ್ ಬರೆದುಕೊಟ್ಟಾಗ ಹತ್ತಿರದ ಸೆಂಟರಿನವರು ಕಾರ್ಡ್ ನೋಡುವ ಮೊದಲೇ ಆಗಲ್ಲ ಅಂದರು. ಡಬ್ಬಿ ಮತ್ತು ಲೀಡ್ ಎರಡೂ ಅದಕ್ಕೆ ಒಪ್ಪುವಂಥವಾಗಿದ್ದು, ಸ್ಕ್ಯಾನಿಗೆ ಮೊದಲು ಪ್ರೋಗ್ರಾಮರಿನಿಂದ ಎಂಆರ್‌ಐ ಮೋಡ್‌ಗೆ ಹಾಕಿದರೆ ಮಾಡಬಹುದು. ಕೊನೆಗೆ ಕಂಪನಿಯ ಹುಡುಗ ಇದ್ದ ಕಡೆಯೇ ಮಾಡಿಸಿದೆವು. ಪೇಸ್‌ಮೇಕರ್ ಕಾರ್ಡನ್ನು ಪಾಕೀಟಿನಲ್ಲೇ ಇಟ್ಟುಕೊಳ್ಳಿ, ಲೀಡಿನ ಮಾಡೆಲ್ ನಂಬರ್ ಅದರಲ್ಲಿದೆಯಾ ನೋಡಿ.

ಹೊಸ ಮಾಡೆಲ್ಲುಗಳಿಗೆ ಪೆಟ್ಟಿಗೆ ಇಲ್ಲ. ಬ್ಲೂಟೂತ್‌ನಲ್ಲಿ ನೇರ ಫೋನಿನ ಆ್ಯಪ್‌ಗೆ ಮಾತಾಡುತ್ತವೆ. ಮಹಾಲಿಂಗಪುರದ ನನ್ನ ಗೆಳೆಯರಿಗೆ ಅದೇ ಹಾಕಿದ್ದಾರೆ. ಊರೂರಿಗೆ ಪೆಟ್ಟಿಗೆ ಹೊರಬೇಕಿಲ್ಲ, ಅದು ಸುಖ. ಆದರೆ ಮೊಮ್ಮಕ್ಕಳು ಗೇಮ್ ಆಡಿ ಬ್ಲೂಟೂತ್ ಆಫ್ ಮಾಡುತ್ತಾರೆ, ಬ್ಯಾಟರಿ ಉಳಿಸಲು ಫೋನು ತಾನೇ ಆ್ಯಪ್ ಮುಚ್ಚುತ್ತದೆ, ಫೋನ್ ಬದಲಾದರೆ ಮತ್ತೆ ಜೋಡಿಸಲು ಯಾರಿಗೂ ಬರುವುದಿಲ್ಲ. ವಯಸ್ಸಾದವರಿಗೆ ಪ್ಲಗ್ಗಿಗೆ ಹಾಕಿ ಮರೆತುಬಿಡುವ ಪೆಟ್ಟಿಗೆಯೇ ಚೊಲೋ ಅನ್ನುವವನು ನಾನು. ಆಯ್ಕೆ ಇದ್ದರೆ ಕೇಳಿ ಪಡೆಯಿರಿ.

ನನ್ನ ಬ್ಯಾಟರಿ ಇನ್ನೂ ಕೆಲವು ವರ್ಷ ಬರುತ್ತದೆ ಅಂತ ಹೋದ ಚೆಕಪ್ಪಿನಲ್ಲಿ ತೋರಿಸಿತು. ಮುಗಿದಾಗ ಲೀಡ್ ಹಳೆಯದೇ ಉಳಿಯುತ್ತದೆ, ಡಬ್ಬಿ ಹೊಸದು ಬರುತ್ತದೆ. ಅವತ್ತು ಆಪರೇಶನ್ ಕಾಗದಕ್ಕೆ ಸಹಿ ಹಾಕುವ ಮೊದಲು ಅಲರ್ಟ್ ನೋಡುವವರ ಹೆಸರು, ಅವರು ರಜೆಯಲ್ಲಿದ್ದಾಗ ನೋಡುವವರ ಹೆಸರು, ಇಬ್ಬರ ಫೋನ್ ನಂಬರ್ ಬರೆಸಿಕೊಳ್ಳಬೇಕು ಅಂತ ಮಗನಿಗೆ ಈಗಲೇ ಹೇಳಿಟ್ಟಿದ್ದೇನೆ.