ದೇಶಗಳ ಹೋಲಿಕೆಗೆ ‘ಅವರ್ ವರ್ಲ್ಡ್ ಇನ್ ಡೇಟಾ’: ಬಳಸುವ ಬಗೆ, ಎಡವುವ ಜಾಗ

ಶಿರಸಿ, ಕುಮಟಾ, ಕಾರವಾರದ ಕಡೆ ಭೂಗೋಳವನ್ನೋ ಅರ್ಥಶಾಸ್ತ್ರವನ್ನೋ ಕಲಿಸುವವರಿಗೆ ದೇಶ ದೇಶಗಳನ್ನು ಅಕ್ಕಪಕ್ಕ ಇಟ್ಟು ತೋರಿಸಲು ಒಂದೇ ತಾಣ ಸಾಕು ಅಂದರೆ ‘ಅವರ್ ವರ್ಲ್ಡ್ ಇನ್ ಡೇಟಾ’ ಎಂಬ ಈ ಅಂಕಿಅಂಶಗಳ ಜಾಲತಾಣವನ್ನೇ ಆರಿಸಿಕೊಳ್ಳಿ. ದುಡ್ಡಿಲ್ಲ, ಲಾಗಿನ್ ಇಲ್ಲ, ಜಾಹೀರಾತಿಲ್ಲ. ಮೂಲದ ಹೆಸರು ಹಾಕಿದರೆ ಇವರ ಚಿತ್ರಗಳನ್ನು ಪಾಠಕ್ಕೂ ಪ್ರಶ್ನೆಪತ್ರಿಕೆಗೂ ಬಳಸಬಹುದು. ಎಲ್ಲವೂ ಇಂಗ್ಲಿಷ್‌ನಲ್ಲೇ ಇರುವುದು ದೊಡ್ಡ ಕೊರತೆ. ಎಂಟನೇ ತರಗತಿ ಮಕ್ಕಳ ಕೈಗೆ ನೇರವಾಗಿ ಕೊಡಲಾಗದು, ಪಕ್ಕದಲ್ಲಿ ಯಾರಾದರೂ ಕೂರಬೇಕು.

‘ಲಿಟರಸಿ’ ಎಂದು ಹುಡುಕಿದರೆ ಸಾಕ್ಷರತೆಯ ಭೂಪಟ ಬರುತ್ತದೆ. ಅದೇ ಅಂಕಿಯನ್ನು ಗೆರೆಚಿತ್ರವಾಗಿ, ಕೋಷ್ಟಕವಾಗಿ ನೋಡಲು ಪಕ್ಕದಲ್ಲೇ ಗುಂಡಿಗಳಿವೆ, ಕೆಳಗೆ ವರ್ಷ ಜಾರಿಸುವ ಪಟ್ಟಿ ಇದೆ. ಭೂಪಟ ಕಣ್ಣಿಗೆ ಹಬ್ಬ, ಆದರೆ ತೀರ್ಮಾನಕ್ಕೆ ಬರುವುದು ಕೋಷ್ಟಕ ತೆರೆದ ಮೇಲೆಯೇ ಇರಲಿ. ಬಣ್ಣದ ಮೆಟ್ಟಿಲುಗಳು ಎಷ್ಟೋ ಸಲ ಸಮನಾಗಿರುವುದಿಲ್ಲ. ಒಂದೇ ಬಣ್ಣದ ಎರಡು ದೇಶಗಳ ನಡುವೆ ದುಪ್ಪಟ್ಟು ಅಂತರ ಇರಬಹುದು. ಸುಮಾರು 300 ಚದರ ಕಿ.ಮೀ. ನೆಲದ ಮಾಲ್ಡೀವ್ಸ್ ಅಂತೂ ಕಾಣುವುದೇ ಇಲ್ಲ. ಆ ವರ್ಷದ ಅಂಕಿ ಸಿಗದಿದ್ದಾಗ ಹತ್ತಿರದ ಬೇರೆ ವರ್ಷದ್ದನ್ನು ತುಂಬಿರುವುದೂ ಉಂಟು. ದೇಶದ ಮೇಲೆ ಮೌಸ್ ಇಟ್ಟರೆ ನಿಜವಾದ ವರ್ಷ ಗೊತ್ತಾಗುತ್ತದೆ.

ಚಿತ್ರದ ಕೆಳಗಿನ ಸಣ್ಣ ಅಕ್ಷರದ ವಿವರಣೆಯೇ ಈ ತಾಣದ ನಿಜವಾದ ಬೆಲೆ. ಸಾಕ್ಷರತೆಯನ್ನೇ ನೋಡಿ. ನಮ್ಮ ಜನಗಣತಿ 7 ವರ್ಷ ಮತ್ತು ಮೇಲಿನವರನ್ನು ಲೆಕ್ಕ ಹಿಡಿಯುತ್ತದೆ, 2011ರಲ್ಲಿ ಭಾರತಕ್ಕೆ ಶೇ 74. ಯುನೆಸ್ಕೊ ಹಿಡಿಯುವುದು 15 ದಾಟಿದವರನ್ನು. ಆ ಲೆಕ್ಕದಲ್ಲಿ ಅದೇ ವರ್ಷಕ್ಕೆ ಸುಮಾರು ಶೇ 69. ಎರಡೂ ಸರಿಯೇ. ಆದರೆ ಜನಗಣತಿಯಲ್ಲಿ ಉತ್ತರ ಕನ್ನಡಕ್ಕೆ ಸಿಕ್ಕ ಶೇ 84ನ್ನು ಯುನೆಸ್ಕೊ ಪಟ್ಟಿಯ ಶ್ರೀಲಂಕಾದ ಪಕ್ಕ ಇಟ್ಟಾಗ ಹೋಲಿಕೆ ಕೆಡುತ್ತದೆ.

ಜಿಲ್ಲೆಯ ಅಂಕಿ ಇಲ್ಲಿ ಸಿಗದು, ಕೈಯಿಂದಲೇ ಸೇರಿಸಬೇಕು. ಸೇರಿಸಿದರೆ ಪಾಠ ಜೀವ ತಳೆಯುತ್ತದೆ. ನಮ್ಮ ಜಿಲ್ಲೆ 10,291 ಚದರ ಕಿ.ಮೀ., ಲೆಬನಾನ್ 10,452. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಅವಳಿ. ಆದರೆ 2011ರಲ್ಲಿ ನಾವು 14.37 ಲಕ್ಷ, ಅಲ್ಲಿ ಈಗ ಸಿರಿಯಾದ ನಿರಾಶ್ರಿತರೂ ಸೇರಿ 50 ಲಕ್ಷದ ಮೇಲೆ. ನಮ್ಮಲ್ಲಿ ಚದರ ಕಿ.ಮೀ.ಗೆ 140 ಜನ ಅಂದಾಗ ಮುಕ್ಕಾಲು ಪಾಲಿಗೂ ಹೆಚ್ಚು ಕಾಡೇ ಇರುವುದನ್ನು ಜೊತೆಗೇ ಹೇಳಬೇಕು. ದೇಶದ ಜನಸಾಂದ್ರತೆಯಲ್ಲಿ ಇನ್ನೊಂದು ಮೋಸವಿದೆ: ವಿಶ್ವಬ್ಯಾಂಕ್ ಭಾಗಿಸುವುದು ಒಳನಾಡಿನ ನೀರು ಬಿಟ್ಟ ನೆಲದಿಂದ, ಭಾರತಕ್ಕೆ 29.73 ಲಕ್ಷ ಚದರ ಕಿ.ಮೀ. ಪಠ್ಯದ 32.87 ಲಕ್ಷದಿಂದ ಭಾಗಿಸಿದ ಹುಡುಗನ ಉತ್ತರ ಶೇ 10ರಷ್ಟು ಕಡಿಮೆ ಬರುತ್ತದೆ. ಅವನಿಗೆ ತಪ್ಪು ಹಾಕಬೇಡಿ.

ಗಾತ್ರ ತೋರಿಸಲು ಮಾತ್ರ ‘ದಿ ಟ್ರೂ ಸೈಜ್’ ತಾಣ ಇದಕ್ಕಿಂತ ಮೇಲು. ದೇಶದ ಹೆಸರು ಬರೆದು ಆಕಾರವನ್ನು ಎಳೆದು ಬೇಕಾದಲ್ಲಿ ಇಡಬಹುದು. ಈ ತಾಣದ ತಳದಲ್ಲಿರುವುದು ಮರ್ಕೇಟರ್ ನಕ್ಷೆ. 1569ರಲ್ಲಿ ಅದನ್ನು ಹಡಗಿನವರು ದಿಕ್ಕು ಹಿಡಿಯಲೆಂದು ಮಾಡಿದ್ದು, ಧ್ರುವದ ಕಡೆ ಹೋದಷ್ಟೂ ಅದರಲ್ಲಿ ನೆಲ ಹಿಗ್ಗುತ್ತದೆ. 14.8 ಡಿಗ್ರಿಯ ಕಾರವಾರದಲ್ಲಿ ವಿಸ್ತೀರ್ಣ ಶೇ 7ರಷ್ಟು ಉಬ್ಬಿದರೆ 60 ಡಿಗ್ರಿಯಲ್ಲಿ ನಾಲ್ಕು ಪಟ್ಟು. ಗ್ರೀನ್‌ಲ್ಯಾಂಡನ್ನು ಭಾರತದ ಮೇಲೆ ಎಳೆದು ತಂದರೆ ಮೂರನೇ ಎರಡರಷ್ಟಕ್ಕೆ ಕುಗ್ಗಿ ಕೂರುತ್ತದೆ.

ಕರಾವಳಿಯ ಉದ್ದವನ್ನು ಮಾತ್ರ ಯಾವ ತಾಣದಿಂದಲೂ ತಂದು ದೇಶಗಳನ್ನು ಹೋಲಿಸಬೇಡಿ. ಭಾರತದ ಕರಾವಳಿ 7,516 ಕಿ.ಮೀ. ಇದ್ದದ್ದು ಈಚೆಗೆ 11,098 ಆಯಿತು. ಸಮುದ್ರ ಬೆಳೆದದ್ದಲ್ಲ, ಅಳತೆಗೆ ಬಳಸಿದ ನಕ್ಷೆ ಸೂಕ್ಷ್ಮವಾಯಿತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳ ಒಳಸುಳಿಯನ್ನೆಲ್ಲ ಗೆರೆ ಹಿಂಬಾಲಿಸಿದರೆ ಉದ್ದ ಏರದೆ ಇನ್ನೇನು?

ಎಕ್ಸೆಲ್ ಕೆಲಸಕ್ಕೆ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಅಂಕಿಗಳ ಕಡತ) ಇಳಿಸಿಕೊಂಡರೆ ಮೊದಲು ‘ವರ್ಲ್ಡ್’, ‘ಏಷ್ಯಾ’ ಮುಂತಾದ ಒಟ್ಟು ಸಾಲುಗಳನ್ನು ತೆಗೆಯಿರಿ, ಇಲ್ಲದಿದ್ದರೆ ಮೊತ್ತ ಎರಡೆರಡು ಸಲ ಸೇರುತ್ತದೆ. ಎರಡು ಕಡತ ಜೋಡಿಸುವಾಗ ದೇಶದ ಹೆಸರು ನಂಬಬೇಡಿ, ಮೂರಕ್ಷರದ ಕೋಡ್ ಹಿಡಿಯಿರಿ. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿ ಆಗಿದೆ.

ಶಿರಸಿಯವರು ಮೊದಲು ಹುಡುಕುವುದು ಅಡಿಕೆಯನ್ನೇ. ಅದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ‘ಫಾವೊಸ್ಟಾಟ್’ ತಾಣಕ್ಕೇ ನೇರ ಹೋಗುವುದು ಒಳ್ಳೆಯದು. ಅಂಕಿಯ ಪಕ್ಕದ ಅಕ್ಷರ ನೋಡಿ: ‘ಎ’ ಅಂದರೆ ಸರ್ಕಾರ ಕೊಟ್ಟದ್ದು, ‘ಇ’ ಅಂದಾಜು. ಹಳೆಯ ಕಡತಗಳಲ್ಲಿ ಇಳುವರಿ ಹೆಕ್ಟೇರಿಗೆ ಹೆಕ್ಟೊಗ್ರಾಂ (ನೂರು ಗ್ರಾಂ) ಲೆಕ್ಕದಲ್ಲಿದೆ, ಹತ್ತರಿಂದ ಭಾಗಿಸಿದರೆ ಕಿಲೋ. ಹಾಗೇ ಬಿಟ್ಟರೆ ತೋಟದ ಇಳುವರಿ ಹತ್ತು ಪಟ್ಟು ಕಾಣುತ್ತದೆ.